ಜ್ಯೋತಿಯ ಗಂಟಲು

ಧನಗೆರೆ
ಶುಕ್ರವಾರ, 14-3-2025

ಮುದ್ದು ಜ್ಯೋತೀ,

ಅಲ್ಲಿ ಚಳಿ ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಗಂಟಲು ಹೇಗಿದೆ? ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡು. ಹದಿನೈದು ದಿನದಿಂದ ನಿನ್ನ ಫೋನು ಸಿಗುತ್ತಿಲ್ಲ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಮೂರ್ತಿ ಫೋಟೋ ತೆಗೆದು ನಿಮ್ಮಮ್ಮ ರತ್ನಳಿಗೆ ಕಳಿಸುತ್ತಾನೆ, ಅವಳು ಹೇಗಾದರೂ ನಿನಗೆ ಮುಟ್ಟಿಸುತ್ತಾಳಂತೆ. ರಜೆಯಲ್ಲಿ ನಾನು ಕಲಿಸಿದ ಕನ್ನಡ ಅಕ್ಷರ ಮರೆತಿಲ್ಲ ತಾನೇ?

ಕಳೆದ ಭಾನುವಾರ ಮೂರ್ತಿ ನಿನ್ನ ಹೊಸ ಸಿನಿಮಾವನ್ನು ಟೀವಿಗೆ ಹಾಕಿಕೊಟ್ಟ. ಸ್ವೀಡಿಶ್ ನಮಗೆಲ್ಲಿ ಬರಬೇಕು, ನಿನ್ನ ಹಾಡು ಬಂದರೆ ಸಾಕೆಂದು ಕೂತೆವು. ಎರಡು ಗಂಟೆಯೂ ನೀನು ತುಟಿ ಬಿಚ್ಚಲಿಲ್ಲ. ಯಾವನೋ ಡಾಕ್ಟರು ನಿನ್ನ ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ ಕೈಚೆಲ್ಲಿದ. ಅದು ಪಾತ್ರ ಎಂದು ನಿಮ್ಮ ತಾತನಿಗೆ ಹೇಳಿ ಹೇಳಿ ಸೋತೆ. "ಪದ ಏಳೋ ಮಗ ಅದ್ನ ಬುಟ್ಬುಟ್ಟು ಆಕ್ಟಿಂಗ್‌ಗೆ ಯಾಕಮ್ಮಿ ಓದ್ಲು? ದನಿ ಓಗದೆ ಕಣಮ್ಮಿ, ನಮ್ಗೆ ಮುಚ್ಚಿಟ್ಟವ್ರೆ" ಅಂದರು. ನೀನು ಹಾಡು ಬಿಟ್ಟು ನಟನೆಗೆ ಹೋದದ್ದೇ ದನಿ ಹೋಗಿರುವುದಕ್ಕೆ ಗುರುತಂತೆ. ಅಂದಿನಿಂದ ಒಪ್ಪೊತ್ತು ಊಟ.

ಹದಿನಾರಕ್ಕೇ ಸ್ಟೇಜು ಹತ್ತಿದವಳು ನೀನು. ಅಲ್ಲಿಯವರ ಬಾಯಲ್ಲಿ 'ಯೋತಿ' ಆಗಿ, ಸ್ಟಾಕ್‌ಹೋಮಿನಲ್ಲಿ ಸಾವಿರಾರು ಜನರನ್ನು ಕುಣಿಸಿದ ವೀಡಿಯೋವನ್ನು ತಾತ ಕೊಳ್ಳೇಗಾಲದ ಬಸ್ಸಿನ ಕಂಡಕ್ಟರಿಗೂ ತೋರಿಸಿ ಬಂದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ರೇಗಿಸುತ್ತಿದ್ದೆ. ಈಗ ವರ್ಷವಾಯಿತು, ಹೊಸ ಹಾಡೇ ಇಲ್ಲ. ನೀನು ಶೂಟಿಂಗಿಗೆಂದು ಉತ್ತರದ ಹಿಮದ ಕಾಡಿಗೆ ಹೋಗಿದ್ದೀಯ, ಗಂಟಲಿಗೆ ಏನೂ ಆಗಿಲ್ಲ ಎಂದು ರತ್ನ ಹೇಳುತ್ತಾಳೆ. ತನ್ನ ಹೊಟ್ಟೆಯ ಆಪರೇಷನ್ನನ್ನೇ ಆರು ತಿಂಗಳು ನಮ್ಮಿಂದ ಬಚ್ಚಿಟ್ಟವಳ ಮಾತಿಗೆ ತಾತ ಬೆಲೆ ಕೊಟ್ಟಾರೆಯೇ? ನಿಜ ಹೇಳುತ್ತೇನೆ, ಮೂರು ದಿನದಿಂದ ನನಗೂ ಹೆದರಿಕೆ ಹತ್ತಿದೆ.

ಮಲೆಯ ಮಾದಪ್ಪ ನಿನ್ನನ್ನು ಕಾಯಲಿ. ಅಪ್ಪ ಅಮ್ಮನಿಗೆ ನಮ್ಮ ಆಶೀರ್ವಾದ ತಿಳಿಸು.

ನಿನ್ನ ಅಜ್ಜಿ,
ಚಾಮುಂಡಮ್ಮ

ಮರೆಯುವ ಮುನ್ನ: ಇದನ್ನು ತಾತನಿಗೆ ಕಾಣದಂತೆ ಬರೆಯುತ್ತಿದ್ದೇನೆ. ನಿನ್ನ ದನಿ ಬರಲೆಂದು ಹರಕೆ ಹೊತ್ತು, ಬರುವ ಮಂಗಳವಾರ ಮಾರಮ್ಮನ ಗುಡಿಯ ಮುಂದೆ ಬಾಯಿಬೀಗ ಹಾಕಿಸಿಕೊಳ್ಳಲು ಹೆಸರು ಕೊಟ್ಟು ಬಂದಿದ್ದಾರೆ. ಎರಡು ಕೆನ್ನೆಗೂ ಸೇರಿಸಿ ಕಂಬಿ ಚುಚ್ಚುತ್ತಾರೆ. ಎಪ್ಪತ್ತಾರು ವಯಸ್ಸು, ಸಕ್ಕರೆ ಕಾಯಿಲೆ. ಹೋದ ವರ್ಷ ಕಾಲಿಗೆ ಮುಳ್ಳು ಚುಚ್ಚಿದ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಸೋಮವಾರದೊಳಗೆ ಫೋನು ಮಾಡಿ ಒಂದು ಸಾಲು ಹಾಡು. ದನಿ ನಿಜವಾಗಿಯೂ ಹೋಗಿದ್ದರೂ ವೀಡಿಯೋ ಕಾಲ್ ಮಾಡು ಮಗಳೇ, ಅವರ ಮುಖ ನೋಡಿ ಬೇಡವೆಂದು ತಲೆಯಾಡಿಸು. ನೀನಲ್ಲದೆ ಇನ್ನಾರು ಹೇಳಿದರೂ ಅವರು ಕೇಳುವುದಿಲ್ಲ.