ಶಾಂಭವಿಯ ರೊಟ್ಟಿ ಇಲ್ಲದ ಪುಸ್ತಕ

ಗುಳೇದಗುಡ್ಡದ ತಂಪುಮನೆ, ಮೂರನೆಯ ಇಳಿಕೆ
ಇಸವಿ ೨೧೬೩, ಹದಿಮೂರನೆಯ ತಿಂಗಳು, ಇಪ್ಪತ್ತಾರನೆಯ ದಿನ

ಮೊಮ್ಮಕ್ಕಳಿಗೆಂದು ನಮ್ಮ ಮನೆತನದ ಮೊದಲ ಪುಸ್ತಕ ಹೊಲಿದ ನೀಲಗಂಗವ್ವ ಮುತ್ತಜ್ಜಿಯವರಿಗೆ, ಐದು ತಲೆಮಾರು ದಾಟಿ ಅದೇ ಮನೆಗೆ ಸೊಸೆಯಾಗಿ ಬಂದ ಸಿದ್ದಮ್ಮ ತಲೆ ತಗ್ಗಿಸಿ ಬರೆಯುವ ಕಾಗದ.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳು ಸಾಕಾಗುತ್ತಿದ್ದವಂತೆ. ನಮ್ಮ ವರ್ಷ ಕಾರಹುಣ್ಣಿಮೆಯ ಮಳೆಗೆ ಶುರುವಾಗಿ, ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು ನಡೆದು, ಮುಂದಿನ ಮಳೆಗೆ ಮುಗಿಯುತ್ತದೆ. ಕೊನೆಯದಕ್ಕೆ ಕದತಿಂಗಳು ಎಂದು ಹೆಸರು. ಆಗ ಹೊರಗಿನ ಬಿಸಿಲಿಗೆ ಹೋದವರು ತಿರುಗಿ ಬರುವ ಭರವಸೆ ಇಲ್ಲದ ಕಾರಣ ಊರಿಗೆ ಊರೇ ಕದ ಹಾಕಿಕೊಂಡು ಒಳಗೆ ಕೂರುತ್ತದೆ. ನನ್ನ ಮಾತುಗಳಲ್ಲಿ ಇಂಥ ಗೊತ್ತಿಲ್ಲದ ಹೆಸರುಗಳು ಬಂದಾಗ ಸಹಿಸಿಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಬರುವ ‘ಕರೆಂಟು ಹೋಯಿತು’ ಎಂಬ ಮಾತಿಗೆ ನಾವೂ ಬಹಳ ದಿನ ತಲೆ ಕೆರೆದುಕೊಂಡಿದ್ದೇವೆ.

ತಂಪುಮನೆ ಎಂದರೆ ಕೆಂಪು ಬಂಡೆಯೊಳಗೆ ಕೊರೆದ ಮನೆ. ನಿಮ್ಮ ಕಾಲದ ನೇಕಾರರು ಮಗ್ಗಕ್ಕೆ ಕುಣಿ ತೋಡುತ್ತಿದ್ದರು, ನಾವು ಸಂಸಾರಕ್ಕೇ ಕುಣಿ ತೋಡಿಕೊಂಡಿದ್ದೇವೆ. ಮನೆಗೆ ಮೂರು ಇಳಿಕೆ, ಅಂದರೆ ಅಂತಸ್ತು. ಮೇಲಿನದರಲ್ಲಿ ಮಗ್ಗಗಳು, ಎರಡನೆಯದರಲ್ಲಿ ಅಡಿಗೆ, ಮೂರನೆಯದರಲ್ಲಿ ಮಲಗುವ ಜಾಗ. ಮೇಲಿನ ಬಿಸಿಲಿನ ಕಾವನ್ನು ಕೊಳವೆಯಲ್ಲಿ ಕೆಳಗಿಳಿಸಿ ಅಡಿಗೆ ಮಾಡುತ್ತೇವೆ, ಅದಕ್ಕೆ ಬಿಸಿಲೊಲೆ ಎನ್ನುತ್ತೇವೆ. ಗೋಧಿ ಮುನಿಸಿಕೊಂಡು ಹೋಗಿ ಎಷ್ಟೋ ಕಾಲವಾಯಿತು, ಭತ್ತವನ್ನು ನಾನು ಚಿತ್ರದಲ್ಲಿ ಮಾತ್ರ ಕಂಡಿದ್ದೇನೆ. ಜೋಳ ನಮ್ಮ ಕೈಬಿಟ್ಟಿಲ್ಲ. ಹಾಗಾಗಿ ರೊಟ್ಟಿ ಇದೆ, ಮತ್ತು ರೊಟ್ಟಿ ಇರುವುದರಿಂದಲೇ ನಿಮ್ಮ ಪುಸ್ತಕದ ಪದ್ಧತಿಯೂ ಉಳಿದುಕೊಂಡು ಬಂದಿದೆ.

ನೀವು ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ: ‘ಈ ಮನ್ಯಾಗ ರೊಟ್ಟಿ ಬಡದವರು ಎಲ್ಲಾರೂ ಇದರಾಗ ಇರಬೇಕು.’ ಹೆಣ್ಣೋ ಗಂಡೋ, ಒಬ್ಬೊಬ್ಬರಿಂದ ಒಂದೊಂದು ರೊಟ್ಟಿ ತಟ್ಟಿಸಿ, ಅದನ್ನು ಹಾಳೆಯ ಮೇಲಿಟ್ಟು, ಅಂಚಿನ ಸುತ್ತ ಇದ್ದಿಲಿನಿಂದ ಗೆರೆ ಎಳೆದು, ಆ ಗೆರೆಯೊಳಗೆ ಅವರ ಚಿತ್ರ ಬರೆದಿದ್ದೀರಿ. ಇಬ್ಬರ ರೊಟ್ಟಿಯ ಅಂಚು ಒಂದೇ ಥರ ಇರುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ನಿಮ್ಮ ಯಜಮಾನರ ರೊಟ್ಟಿ ಭೂಪಟದ ಹಾಗಿದೆ, ಅವರನ್ನು ಅದರೊಳಗೆ ಕೂರಿಸಲು ನೀವು ಕಾಲು ಮಡಚಿಸಬೇಕಾಯಿತು. ಅಂದಿನಿಂದ ಪ್ರತಿ ಅಜ್ಜಿಯೂ ತನ್ನ ಮೊಮ್ಮಕ್ಕಳಿಗೆ ಹಳೆಯ ಹಾಳೆಗಳನ್ನು ನಕಲು ಮಾಡಿ, ತನ್ನ ಕಾಲದವರನ್ನು ಸೇರಿಸಿ, ಹೊಸ ಪುಸ್ತಕ ಹೊಲಿಯುತ್ತಾಳೆ. ಕೆಲಸವೆಲ್ಲ ಕದತಿಂಗಳಲ್ಲಿ. ಜೋಳದ ದಂಟನ್ನು ಕೊಳೆಸಿ, ಕುಟ್ಟಿ, ಹಾಳೆ ಎತ್ತುತ್ತೇವೆ. ಕೆಂಪು ಬಣ್ಣಕ್ಕೆ ನಮ್ಮ ಬಂಡೆಯ ಪುಡಿ, ಹಳದಿಗೆ ದಾಳಿಂಬೆ ಸಿಪ್ಪೆ, ಕಪ್ಪಿಗೆ ದೀಪದ ಕಾಡಿಗೆ ಮತ್ತು ಜಾಲಿಯ ಅಂಟು. ಹೊದಿಕೆಗೆ ಅಜ್ಜಿಯ ಹಳೆಯ ಕುಪ್ಪಸದ ಖಣ. ಮಗು ಏಳು ತುಂಬಿದ ದಿನ ಪುಸ್ತಕ ಅದರ ಕೈಗೆ ಹೋಗುತ್ತದೆ.

ನಾನು ಈ ಮನೆಗೆ ಬಂದ ಮೊದಲ ವಾರವೇ ನನ್ನ ಅತ್ತೆ ನನ್ನಿಂದ ರೊಟ್ಟಿ ತಟ್ಟಿಸಿದರು. ಅದು ನಡುವೆ ಹರಿಯಿತು. ‘ಹರದ್ರ ಹರೀಲಿ ಬಿಡು, ನಮ್ಮ ಸೊಸಿ ರೊಟ್ಟಿ’ ಎಂದು ಹರಿದದ್ದನ್ನೂ ಸೇರಿಸಿ ಗೆರೆ ಎಳೆದರು. ಆ ಹಾಳೆ ನೋಡಿದಾಗೆಲ್ಲ ಈಗ ನನಗೆ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ನನ್ನ ಸೊಸೆಗೆ ನಾನು ಹಾಗೆ ಮಾಡಲಿಲ್ಲ.

ನನಗೆ ಒಬ್ಬನೇ ಮಗ, ವಿರೂಪ. ಅವನ ಹೆಂಡತಿ ಶಾಂಭವಿ, ಅವರ ಮಗಳು ಹೊನ್ನಿ. ಎಂಟು ವರ್ಷದ ಹಿಂದೆ ನೀರುಕಾವಲಿನ ಚೀಟಿ ನಮ್ಮ ಮನೆಗೆ ಬಿತ್ತು. ಮಲಪ್ರಭೆಯ ಮೇಲಿನ ಕಟ್ಟೆಯ ನೀರನ್ನು ಕಾಯಲು ಚೀಟಿ ಬಿದ್ದ ಮನೆಯಿಂದ ಒಬ್ಬರು ಹೋಗಬೇಕು, ಎಂಟು ವರ್ಷ ಅಲ್ಲೇ ಇರಬೇಕು. ಹೋಗದಿದ್ದರೆ ಆ ಮನೆಗೆ ಅರ್ಧ ನೀರು. ಹೋಗಬೇಕಾದವನು ವಿರೂಪ. ಅವನ ಎದೆ ಮೊದಲಿನಿಂದಲೂ ನೆಟ್ಟಗಿಲ್ಲ, ಬಿಸಿಲಲ್ಲಿ ಎರಡು ಬೇಸಿಗೆ ದಾಟುತ್ತಿರಲಿಲ್ಲ. ಶಾಂಭವಿ ಯಾರನ್ನೂ ಕೇಳದೆ ಹೋಗಿ ತನ್ನ ಹೆಸರು ಬರೆಸಿ ಬಂದಳು. ಆಗ ಹೊನ್ನಿಗೆ ಎರಡು ವರ್ಷ. ಕಾವಲಿನವರ ಗುರುತು ನೀರುಗಳ್ಳರಿಗೆ ಸಿಗಬಾರದೆಂದು ಅವರ ಬಿಂಬಗಳನ್ನೆಲ್ಲ ವಾಪಸು ಪಡೆಯುತ್ತಾರೆ. ಬಿಂಬ ಎಂದರೆ ನಿಮ್ಮ ಫೋಟೊ ಇದ್ದ ಹಾಗೆ. ಕಾಗದಪತ್ರಕ್ಕೂ ಅವಕಾಶವಿಲ್ಲ. ಕೈಯಿಂದ ಬರೆದ ಚಿತ್ರವೊಂದನ್ನು ಮಾತ್ರ ಮನೆಯವರು ಇಟ್ಟುಕೊಳ್ಳಬಹುದು. ಅಂದರೆ ಮುತ್ತಜ್ಜಿ, ಆ ಮಗು ತನ್ನ ತಾಯಿಯನ್ನು ನೋಡುವ ಹಾಗಿದ್ದರೆ ಅದು ನಾನು ಮಾಡುವ ಪುಸ್ತಕದಲ್ಲಿ ಮಾತ್ರ.

ನಾನು ಸಿಟ್ಟಾದೆ. ಯಾಕೆಂದು ಈಗ ಹೇಳಲು ಹೊರಟರೆ ಬಾಯಿಗೆ ಬರುವುದೆಲ್ಲ ಸಣ್ಣತನವೇ. ನನ್ನನ್ನು ಒಂದು ಮಾತು ಕೇಳಲಿಲ್ಲ ಎಂಬ ಸಿಟ್ಟು. ಹೋಗುವಾಗ ಅಳಲಿಲ್ಲ ಎಂಬ ಸಿಟ್ಟು. ನಾನು ಅತ್ತರೂ ಅವಳು ಮಗುವನ್ನು ನನ್ನ ಕಂಕುಳಿಗೆ ದಾಟಿಸಿ, ‘ಇಕಿಗಿ ಹಾಲ ಬಾಳ ಬಿಸಿ ಆಗಬಾರ್ದ್ರಿ ಅತ್ತಿ’ ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳು. ತೊಟ್ಟಿಲು ಬಿಟ್ಟು ಹೋದವಳು ಎಂದು ಮನೆ ಮನೆಗೂ ಹೋಗಿ ಆಡಿದೆ. ಅವಳು ಹೋದದ್ದರಿಂದ ಬಂದ ಪೂರ್ತಿ ನೀರನ್ನು ಕುಡಿದೇ ಆಡಿದೆ. ವಿರೂಪ ನನ್ನ ಮಾತಿಗೆ ಎಂದೂ ಎದುರಾಡುವವನಲ್ಲ. ತನ್ನ ಬದಲು ಹೆಂಡತಿ ಹೋದಳೆಂಬುದನ್ನು ಅವನು ಇವತ್ತಿಗೂ ಮಗ್ಗದ ಮೇಲೆ ಬಗ್ಗಿಕೊಂಡೇ ನುಂಗುತ್ತಿದ್ದಾನೆ.

ಹೊನ್ನಿಗೆ ಆರು ವರ್ಷವಾದಾಗ ಪುಸ್ತಕಕ್ಕೆ ಕೂತೆ. ಹಳೆಯ ಹಾಳೆಗಳ ನಕಲು ಚೆನ್ನಾಗಿಯೇ ಬಂತು. ಕೈ ನನ್ನದು ತಕ್ಕಮಟ್ಟಿಗೆ ಪಳಗಿದ ಕೈ. ಶಾಂಭವಿ ಮದುವೆಯಾಗಿ ಬಂದ ವಾರ ಬಡಿದ ರೊಟ್ಟಿಯ ಗೆರೆ ನನ್ನ ಪೆಟ್ಟಿಗೆಯಲ್ಲಿತ್ತು. ಚಂದ್ರನೇ ಹಾಳೆಯ ಮೇಲೆ ಕೂತು ಎದ್ದುಹೋದ ಹಾಗೆ ದುಂಡಗಿತ್ತು. ಈ ಮನೆಯಲ್ಲಿ ಅಂಥ ರೊಟ್ಟಿ ಬಡಿದವರು ಇನ್ನೊಬ್ಬರಿಲ್ಲ, ನೀವೂ ಬಡಿದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮಸಿಗೆ ಕಾಡಿಗೆ ಹಿಡಿಯುವ ದಿನ ಆ ಹಾಳೆಯನ್ನು ದೀಪಕ್ಕೆ ಹಿಡಿದು ಸುಟ್ಟೆ. ಮಗು ತಾಯಿಯ ಮುಖ ನೋಡಿ ಅಳುವುದು ಬೇಡ, ಮರೆಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಸಿಟ್ಟಿಗೆ ಮಗುವಿನ ಹೆಸರು ಹಚ್ಚಿದೆ, ಅಷ್ಟೇ.

ಏಳು ತುಂಬಿದ ದಿನ ಹೊನ್ನಿ ಪುಸ್ತಕ ಬಿಚ್ಚಿದಳು. ನಿಮ್ಮ ಯಜಮಾನರ ಮಡಚಿದ ಕಾಲು ನೋಡಿ ಬಿದ್ದು ಬಿದ್ದು ನಕ್ಕಳು. ಕೊನೆಯ ಹಾಳೆಯವರೆಗೂ ಹೋದಳು, ಮತ್ತೆ ಮೊದಲಿನಿಂದ ಬಂದಳು, ಮೂರನೆಯ ಸಲ ಒಂದೊಂದೇ ಹಾಳೆಯನ್ನು ಬೆರಳಿನಿಂದ ಉಜ್ಜಿ, ಎರಡು ಹಾಳೆ ಅಂಟಿಕೊಂಡಿವೆಯೇನೋ ಎಂದು ನೋಡಿದಳು. ಆಮೇಲೆ ನಿಮ್ಮ ದಪ್ಪ ಅಕ್ಷರ ಓದಿ ಕೇಳಿದಳು: ‘ಆಯಿ, ನಮ್ಮವ್ವ ರೊಟ್ಟಿ ಬಡೀತಿದ್ದಿಲ್ಲೇನ?’ ನಾನು ಹೇಳಿದೆ: ‘ಇಲ್ಲವ್ವಾ, ಆಕಿಗೆ ಬರ್ತಿದ್ದಿಲ್ಲ.’

ಅಷ್ಟು ಸಲೀಸಾಗಿ ಬಂತು ಮಾತು. ಮಗು ತಲೆಯಾಡಿಸಿತು. ಅವಳಿಗೆ ಅದರಿಂದ ಒಂದು ಸಮಾಧಾನವೂ ಸಿಕ್ಕಿತೆಂದು ಕಾಣುತ್ತದೆ: ಅವ್ವನನ್ನು ಬೇಕೆಂದು ಬಿಟ್ಟಿಲ್ಲ, ಅವ್ವನಿಗೆ ರೊಟ್ಟಿ ಬರುತ್ತಿರಲಿಲ್ಲ, ಹಾಗಾಗಿ ಇಲ್ಲ. ಮರುದಿನದಿಂದ ನನ್ನ ಪಕ್ಕ ಕೂತು ರೊಟ್ಟಿ ಬಡಿಯಲು ಕಲಿತಳು. ಹಟ ಹಿಡಿದು ಕಲಿತಳು. ಯಾಕಿಷ್ಟು ಆಸೆ ಎಂದು ನಾನು ಕೇಳಲಿಲ್ಲ.

ಈ ವರ್ಷ ಕದ ಹಾಕುವ ಹಿಂದಿನ ದಿನ ಶಾಂಭವಿ ಎಂಟು ವರ್ಷ ಮುಗಿಸಿ ಬಂದಳು. ಮುಖ ಸುಟ್ಟು ಕರಿಗಟ್ಟಿದೆ, ತಲೆ ಅರ್ಧ ಬೆಳ್ಳಗಾಗಿದೆ. ಬಂದವಳೇ ನನ್ನ ಕಾಲಿಗೆ ಬಿದ್ದಳು. ನನ್ನ ಕಾಲು ಹಿಂದಕ್ಕೆ ಸರಿದದ್ದು ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಅವಳಿಗೆ ಅದು ತಿಳಿಯಿತೋ ಇಲ್ಲವೋ. ಹೊನ್ನಿ ದೂರ ನಿಂತು ನೋಡಿದಳು. ಎರಡು ದಿನ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶಾಂಭವಿ ಬಿಸಿಲೊಲೆಯ ಮುಂದೆ ಕೂತು ಹಿಟ್ಟಿಗೆ ಕೈ ಹಾಕಿದ್ದಳು. ಹೊನ್ನಿ ಹೋಗಿ ಎದುರು ಕೂತು, ಪರವೂರಿನವರೊಡನೆ ಮಾತಾಡುವ ಮರ್ಯಾದೆಯಿಂದ ಹೇಳಿದಳು: ‘ನಿಮಗ ರೊಟ್ಟಿ ಬರೂದಿಲ್ಲಂತಲ್ರಿ. ಆಯಿ ಹೇಳ್ಯಾಳ. ನಾ ಕಲಿಸ್ತೀನ್ರಿ, ಅಂಜಬ್ಯಾಡ್ರಿ.’

ಶಾಂಭವಿ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಬಟ್ಟಲು ತೊಳೆಯುತ್ತಿದ್ದೆ, ತೊಳೆಯುತ್ತಲೇ ಇದ್ದೆ. ಅವಳು ಹಿಟ್ಟಿನ ಮುದ್ದೆಯನ್ನು ಮಗಳ ಮುಂದಕ್ಕೆ ಸರಿಸಿ, ‘ಕಲಿಸು ಮತ್ತ’ ಎಂದಳು. ಹೊನ್ನಿ ತೋರಿಸಿಕೊಟ್ಟಳು. ಶಾಂಭವಿ ಬಡಿದ ರೊಟ್ಟಿ ಮೂರು ಕಡೆ ಹರಿಯಿತು. ಆ ಕೈಯಿಂದ ರೊಟ್ಟಿ ಹರಿಯಬೇಕಾದರೆ ಎಷ್ಟು ಜೋಪಾನವಾಗಿ ಹರಿಯಬೇಕು ಎಂದು ನನಗೆ ಗೊತ್ತು. ‘ಮೊದಲ ಸಲ ಹಿಂಗ ಆಗತೈತ್ರಿ’ ಎಂದು ಮಗು ಸಮಾಧಾನ ಹೇಳಿತು.

ಅಂದು ಮಧ್ಯಾಹ್ನ ಶಾಂಭವಿಯನ್ನು ಬೇರೆ ಕರೆದು, ನಿಜ ಹೇಳಿಬಿಡು ಎಂದೆ. ನಾನೇ ಹೇಳುತ್ತೇನೆ ಎನ್ನಲಿಲ್ಲ, ಗಮನಿಸಿ. ಅದನ್ನೂ ಅವಳ ತಲೆಗೇ ಕಟ್ಟಲು ನೋಡಿದೆ. ಅವಳು ಹೇಳಿದಳು: ‘ಎಂಟು ವರ್ಷ ಆಕಿಗಿ ಅವ್ವ ಆದಾಕಿ ನೀವು. ಆಕಿ ಮುಂದ ನೀವು ಸುಳ್ಳಾಗೂದು ಬ್ಯಾಡ್ರಿ ಅತ್ತಿ. ರೊಟ್ಟಿ ಏನ್ರಿ, ಕಲತರಾತು.’ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕದ ಹಾಕಿದ ಮನೆಯಲ್ಲಿ ಓಡಿಹೋಗಲು ಜಾಗವಿಲ್ಲ ಮುತ್ತಜ್ಜಿ. ಇಪ್ಪತ್ತಮೂರು ದಿನ ನಾನು ಅದನ್ನು ನೋಡಿದ್ದೇನೆ. ದಿನವೂ ಒಂದೊಂದು ಹರಕು ಕಡಿಮೆ ಮಾಡುತ್ತ, ದಿನವೂ ಅಂಚನ್ನು ಒಂದಿಷ್ಟು ತಿದ್ದುತ್ತ, ಮಗಳು ಕಲಿಸಿದಷ್ಟೇ ಕಲಿಯುತ್ತ ಬಂದಳು ಶಾಂಭವಿ. ‘ಹಾಂ, ಹಂಗ, ಅಂಗೈ ಸಡಲ ಬಿಡ್ರಿ’ ಎನ್ನುತ್ತಿದ್ದ ಮಗು ಯಾವಾಗಲೋ ‘ಹಂಗಲ್ಲವ್ವಾ’ ಎನ್ನತೊಡಗಿತು. ತಾಯಿ ಮಗಳು ಹಿಟ್ಟು ಮೆತ್ತಿದ ಕೈಯಲ್ಲೇ ಪರಸ್ಪರ ಮೂಗು ಹಿಂಡಿ ನಕ್ಕದ್ದೂ ಉಂಟು. ಅಷ್ಟು ನೋಡಿ, ಹೀಗೇ ಇದ್ದುಬಿಡಲಿ, ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ನನ್ನ ಹಳೆಯ ಬುದ್ಧಿ ಪಿಸುಗುಟ್ಟಿತು. ಇನ್ನೂ ಪಿಸುಗುಟ್ಟುತ್ತಿದೆ.

ಇಂದು ಬೆಳಿಗ್ಗೆ ಹೊನ್ನಿ ಒಂದು ರೊಟ್ಟಿಯನ್ನು ಎರಡೂ ಅಂಗೈಯಲ್ಲಿ ಹೊತ್ತು ಬಂದು ನನ್ನ ಮುಂದಿಟ್ಟಳು. ಒಂದು ಕಡೆ ಉಬ್ಬು, ಒಂದು ಕಡೆ ಸೀಳು. ಪಕ್ಕದಲ್ಲಿ ಪುಸ್ತಕ, ಖಾಲಿ ಹಾಳೆ, ಇದ್ದಿಲು. ‘ಆಯಿ, ನಮ್ಮವ್ವ ಕಲತಳು. ಈಗರೆ ಆಕಿನ್ನ ಇದರಾಗ ತಗೋ. ಗೆರಿ ಎಳಿ.’

ಇದ್ದಿಲು ಹಿಡಿದೆ. ಹಾಳೆಗೆ ತಾಕಿಸದೆ ಕೆಳಗಿಟ್ಟೆ. ನಾಳೆ ಎಳೆಯುತ್ತೇನೆ ಎಂದೆ. ಒಪ್ಪಿದಳು. ನಾನು ಹೇಳಿದ್ದನ್ನೆಲ್ಲ ಒಪ್ಪುವುದು ಆ ಮಗುವಿನ ರೂಢಿ.

ಆ ಗೆರೆಯನ್ನು ನಾನು ಎಳೆದರೆ ಶಾಂಭವಿ ಈ ಮನೆಯಲ್ಲಿ ಎಂದೆಂದಿಗೂ ರೊಟ್ಟಿ ಬಾರದೆ ಬಂದವಳಾಗಿ ಉಳಿಯುತ್ತಾಳೆ. ಮುಂದಿನ ಅಜ್ಜಿಯರು ಅದನ್ನೇ ನಕಲು ಮಾಡುತ್ತಾರೆ. ಎಳೆಯದಿದ್ದರೆ ಹತ್ತು ವರ್ಷದ ಹುಡುಗಿಗೆ ಹೇಳಬೇಕು: ನಿನ್ನ ತಾಯಿಯನ್ನು ನಿನ್ನಿಂದ ಅಳಿಸಿದವಳು ನಾನು, ನೀನು ಕಲಿಸಿದ್ದು ಅವಳಿಗೆ ಮೊದಲೇ ಬರುತ್ತಿತ್ತು ಎಂದು. ಅವಳು ನನ್ನ ಮಡಿಲಿಗೆ ಮತ್ತೆ ಬರುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ನನಗಿರುವ ಹೆದರಿಕೆ ಅದೊಂದೇ.

ನಿಮ್ಮಲ್ಲಿ ಒಂದು ಬೇಡಿಕೆ. ನೀವಿನ್ನೂ ಆ ಮೊದಲ ಹಾಳೆಯ ಮುಂದೆ ಕೂತಿದ್ದರೆ, ಮಸಿ ಆರಿಲ್ಲದಿದ್ದರೆ, ಅದರ ಕೆಳಗೆ ಒಂದು ಸಾಲು ಸೇರಿಸಿ: ನಿಮಗೆ ಸಿಟ್ಟು ಬಂದವರನ್ನು ಮೊದಲು ಬರೆಯಿರಿ. ನಿಮ್ಮ ಕಾಲದಲ್ಲಿ ಮೊಮ್ಮಕ್ಕಳಿಗೆಂದು ಇಂಥ ಪುಸ್ತಕ ಹೊಲಿಯುತ್ತಿರುವ ಬೇರೆ ಅಜ್ಜಿಯರಿದ್ದರೆ ಅವರಿಗೂ ಹೇಳಿ. ಚಿತ್ರ ವಕ್ರವಾದರೆ ಮಕ್ಕಳು ನಗುತ್ತಾರೆ, ಅಷ್ಟೇ. ಬಿಟ್ಟುಹೋದವರನ್ನು ಮಾತ್ರ ಹಾಳೆ ಉಜ್ಜಿ ಉಜ್ಜಿ ಹುಡುಕುತ್ತಾರೆ.

ಆದರೆ ಹಿಂದಿನ ಕಾಲಕ್ಕೆ ಟಪಾಲು ಇಲ್ಲ. ಈ ಕಾಗದ ನಿಮಗೆ ಮುಟ್ಟುವುದಿಲ್ಲ ಎಂದು ಬರೆಯಲು ಕೂತಾಗಲೇ ನನಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಲಾಗದವಳು ಸತ್ತವರಿಗೆ ಬರೆಯುತ್ತಾಳೆ, ಸತ್ತವರು ತಿರುಗಿ ಕೇಳುವುದಿಲ್ಲವಲ್ಲ. ಇಷ್ಟು ಬರೆದ ಮೇಲೆ ಅದಕ್ಕೂ ನಾಚಿಕೆಯಾಗುತ್ತಿದೆ.

ಹೊನ್ನಿಗೆ ಓದಲು ಚೆನ್ನಾಗಿ ಬರುತ್ತದೆ. ನಾಳೆ ಬೆಳಿಗ್ಗೆ ಅವಳು ಇದ್ದಿಲು ತಂದುಕೊಟ್ಟಾಗ ಈ ಕಾಗದವನ್ನು ಅವಳ ಕೈಗೆ ಕೊಡುತ್ತೇನೆ. ಅವಳು ಓದಿ ಮುಗಿಸಿ ತಲೆಯೆತ್ತುವವರೆಗೆ ಎದುರಿಗೇ ಕೂತಿರುತ್ತೇನೆ.

ಸಿದ್ದಮ್ಮ