ಯಾರಿಗೂ ಬೀಳದ ನನ್ನ ಮತ

ಪ್ರೀತಿಯ ಮೆಲಾನಿಯಾ ಅಕ್ಕನಿಗೆ,

ಕುಚುರಾದಲ್ಲಿ ಭಾನುವಾರ ಊರಸಭೆಯ ಚುನಾವಣೆಯಾಯಿತು. ಒಂದೇ ಸ್ಥಾನಕ್ಕೆ, ಹೊರಗಿನವರೊಬ್ಬರ ಎದುರು, ರುಸಿನ್ ಭಾಷೆಯಾಡುವ ನಮ್ಮವರೇ ಇಬ್ಬರು ನಿಂತಿದ್ದರು: ನನಗೆ ಮನೆ ಕೊಟ್ಟ ಮಿತ್ರೊ, ಸೌದೆ ತಂದುಕೊಡುವ ಸಿಲ್ವೊ.

“ಜ್ಞಾನಸ್ನಾನದಲ್ಲಿ ನನ್ನ ಮಗನ್ನ ಎತ್ಕೊಂಡ ಜ್ಞಾನತಂದೆ ಒಬ್ಬ, ಮಗಳನ್ನ ಎತ್ಕೊಂಡವ್ನು ಇನ್ನೊಬ್ಬ. ಯಾರ ಹೊಟ್ಟೆ ಉರಿಸ್ಲಿ ಟೀಚರಮ್ಮ? ಖಾಲಿ ಚೀಟಿನೇ ಹಾಕ್ಬಿಟ್ಟೆ!” ಎಂದು ಮತಗಟ್ಟೆಯ ಬಾಗಿಲಲ್ಲಿ ನೆರೆಮನೆಯ ಫೇಮಾಜ್ಜಿ ನಕ್ಕರು. ನಾನೂ ನಕ್ಕೆ, ಒಳಗೆ ಹೋಗಿ ಹಾಗೆಯೇ ಮಾಡಿದೆ.

ಎಣಿಸಿದಾಗ ಹದಿನೇಳು ಚೀಟಿಗಳು ಖಾಲಿ. ನಮ್ಮ ಭಾಷೆ ಬಾರದ ಆ ಹೊರಗಿನವರು ನಾಲ್ಕೇ ಮತಗಳ ಅಂತರದಿಂದ ಗೆದ್ದರು. ಮಕ್ಕಳ ರುಸಿನ್ ತರಗತಿ ಉಳಿಸಿ ಎಂದು ಕೇಳಲು ಸಭೆಯಲ್ಲಿ ಇನ್ನು ನಮ್ಮವರಿಲ್ಲ.

ಕೆಮ್ಮು ಇಳಿದಿದೆ, ಜೇನುತುಪ್ಪ ಕಳಿಸಬೇಡ. ನಿನ್ನೆ ಮಿತ್ರೊ ಬಂದು, “ನಿನ್ನ ಓಟು ನನಗೇ ಬಿತ್ತು, ಗೊತ್ತು ಕಣಮ್ಮ” ಎಂದು ಕೈ ಕುಲುಕಿದ. ಆಮೇಲೆ ಸಿಲ್ವೊ ಬಂದು ಅದನ್ನೇ ಹೇಳಿದ. ಇಬ್ಬರಿಗೂ ಹೌದೆಂದು ತಲೆಯಾಡಿಸಿದೆ.

ನಿನ್ನ ಲೆಯೋನಾ