ಒಂಬತ್ತನೆಯ ಪೆಟ್ಟಿಗೆ

ಕುಷ್ಟಗಿ ಒಳಊರು, ಮೇ 47, 2319

ಯಂಕೋಬಣ್ಣನಿಗೆ ಶಿವಗಂಗಾಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ಇಳಿಯುವವರೆಗೆ ನಾವು ಮೇ ತಿಂಗಳನ್ನು ಮುಗಿಸುವುದಿಲ್ಲ. ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಿಂದಲೇ. ಅದು ಪೂರ್ತಿ ಉಳಿದಿದೆ, ನನಗೆ ಬಾಯಿಪಾಠವಾಗಿದೆ. ನೀವು ಕಲ್ಲು ನೆಕ್ಕಿ ಹೆಸರು ಹೇಳುತ್ತಿದ್ದುದನ್ನು ಓದಿಯೇ ನಾನು ಭೂವಿಜ್ಞಾನಕ್ಕೆ ಸೇರಿದೆ. ಹಾಸ್ಟೆಲಿನಲ್ಲಿ ಎಲ್ಲರೂ ನನ್ನನ್ನು 'ಯಂಕೋಬನ ಹುಚ್ಚಿ' ಅಂತಲೇ ಕರೆಯುವುದು.

ನಾವು ಈಗ ಗುಡ್ಡದ ಬಂಡೆ ಕಡಿದು ಒಳಗೆ ವಾಸಿಸುತ್ತೇವೆ. ಅದೇ ಒಳಊರು. ಭೂವಿಜ್ಞಾನ ಓದಿದವರಿಗೆ ಇಲ್ಲಿ ಒಂದೇ ಕೆಲಸ: ನೆತ್ತಿಸಹಿ. ಹೊಸ ಓಣಿ ಕಡಿದಾಗ ಅದರ ಚಾವಣಿಯ ಬಂಡೆ ಗಟ್ಟಿ ಎಂದು ಸಹಿ ಹಾಕಬೇಕು, ಹಾಕಿದವರು ತಮ್ಮ ಮನೆಯವರೊಂದಿಗೆ ಮೊದಲ ನಲವತ್ತು ದಿನ ಅದರ ಕೆಳಗೇ ಮಲಗಬೇಕು. ಹೊಸದಾಗಿ ಕೊರೆದು ನೋಡುವಂತಿಲ್ಲ, ಪಕ್ಕದ ಓಣಿಗಳು ಅದುರುತ್ತವೆ. ಹಾಗಾಗಿ ನಾವು ನಂಬುವುದು ನೀವು ಕಾಲೇಜಿನಲ್ಲಿದ್ದಾಗ ಈ ಗುಡ್ಡ ಕೊರೆದು, ಕೋಲಿನಂಥ ಕಲ್ಲುಗಳನ್ನು ಮೂರು ಮೀಟರಿಗೊಂದು ಪೆಟ್ಟಿಗೆಯಂತೆ ಜೋಡಿಸಿ ಬರೆದ ಪಟ್ಟಿಯನ್ನು. ಕಲ್ಲುಗಳು ಈಗಿಲ್ಲ, ಪಟ್ಟಿ ಇದೆ.

ಒಂಬತ್ತನೆಯ ಪೆಟ್ಟಿಗೆಯ ಮೇಲ್ತುದಿಯಲ್ಲಿ ನೀವು ಒಂದು ಬಿರುಕು ಬರೆದಿದ್ದೀರಿ. ಅದು ಅಲ್ಲೇ ಇದ್ದರೆ ನಾವು ಈಗ ಕಡಿದಿರುವ ಹೊಸ ಓಣಿಯ ಚಾವಣಿಗಿಂತ ಮೂರು ಮೀಟರ್ ಮೇಲೆ, ಭಯವಿಲ್ಲ. ಆದರೆ ಗುಂಪಿನಲ್ಲಿ ನಿಮ್ಮ ಕೊನೆಯ ಮೆಸೇಜು ಇದು: "ಒಂದ್ ಪೆಟ್ಟಿಗ್ಯಾಗ ಕಲ್ಲು ತೆಳಗ-ಮ್ಯಾಲೆ ಆಗ್ಯಾವ ಅನಸ್ತೈತಿ. ಸರ್‌ಗೆ ಹೇಳಬ್ಯಾಡ್ರಲೇ, ನಾಳೆ ನನ್ನ ಕಂಪನಿ ಇಂಟರ್‌ವ್ಯೂ ಐತಿ." ಅದಕ್ಕೆ ನಿಮ್ಮ ಗೆಳತಿ ರೇಷ್ಮಾ, "ನೆಕ್ಕೂದ್ ಬಿಟ್ಟು ಯಾವ ತುದಿ ಮ್ಯಾಲೆ ಅನ್ನೂ ಬಾಣದ ಗುರ್ತು ನೋಡಿದ್ರ ಹಿಂಗ್ ಆಗತಿತ್ತೇನೋ ಕ್ವಾಣಾ?" ಅಂದಿದ್ದಾಳೆ. ಆಮೇಲೆ ಆರು ನಗುಮುಖಗಳು. ಯಾವ ಪೆಟ್ಟಿಗೆ ಅಂತ ಯಾರೂ ಕೇಳಿಲ್ಲ.

ಅದು ಒಂಬತ್ತನೆಯದೇ ಆಗಿದ್ದರೆ ಬಿರುಕು ಇರುವುದು ಪೆಟ್ಟಿಗೆಯ ಕೆಳತುದಿಯಲ್ಲಿ, ನಮ್ಮ ನೆತ್ತಿಗೆ ಒಂದೇ ಮೊಳ ದೂರ.

ದಿನಾ ಹೋಗಿ ಸುತ್ತಿಗೆಯಿಂದ ಚಾವಣಿ ಬಡಿಯುತ್ತೇನೆ. ಒಂದು ದಿನ ಗಂಟೆಯ ಹಾಗೆ ಮೊಳಗುತ್ತದೆ, ಇನ್ನೊಂದು ದಿನ ಒಳಗಿನಿಂದ ಯಾರೋ ತಿರುಗಿ ಬಡಿದ ಹಾಗೆ ಕೇಳುತ್ತದೆ. ಮುನ್ನೂರು ಕುಟುಂಬಗಳು ಹೊರಗೆ ಒದ್ದೆ ಬಟ್ಟೆ ಹೊದ್ದು ಕಾಯುತ್ತಿವೆ. ನಿನ್ನೆ ಬಿಸಿಲಿಗೆ ಇಬ್ಬರು ತೀರಿಹೋದರು. ನನ್ನ ಚಿಗವ್ವನೂ ಅಲ್ಲೇ ಇದ್ದಾಳೆ. "ನಿನ್ನ ಸಹಿ ಬಂದ್ರ ಸಾಕವ್ವ," ಅನ್ನುತ್ತಾಳೆ, "ಬಂಡೆ ಬೀಳೂದು ಆಮ್ಯಾಲೆ ನೋಡೂನು. ಈ ಬಿಸಲು ಇವತ್ತ ಬಿದ್ದೈತಿ."

ಇಂದು ಸಂಜೆ ಸಹಿ ಹಾಕುತ್ತೇನೆ, ಅಣ್ಣಾ. ನನ್ನದೂ ಚಿಗವ್ವನದೂ ಹಾಸಿಗೆ ಸುತ್ತಿಟ್ಟಿದ್ದೇನೆ.

ಈ ಪತ್ರ ಮುಟ್ಟುವ ನಿಮ್ಮ ಕಾಲದಲ್ಲಿ ನೀವಿನ್ನೂ ವಿದ್ಯಾರ್ಥಿ. ಪೆಟ್ಟಿಗೆಗಳು ಇನ್ನೂ ನಿಮ್ಮ ಕಾಲೇಜಿನ ಶೆಡ್ಡಿನಲ್ಲಿವೆ. ಇಂಟರ್‌ವ್ಯೂಗೆ ಹೋಗುವ ಮುಂಚೆ ಒಮ್ಮೆ ಹೋಗಿ ನೋಡಿ, ಗುಂಪಿನಲ್ಲಿ ಆ ಪೆಟ್ಟಿಗೆಯ ಒಂದೇ ಒಂದು ಅಂಕಿ ಬರೆಯಿರಿ. ಯಾವುದಾದರೂ ಸರಿ, ಬರೆಯಿರಿ. ಸಂಜೆಯವರೆಗೂ ಗುಂಪನ್ನು ತೆರೆದುಕೊಂಡು ಕೂತಿರುತ್ತೇನೆ.